ಗುರುವಿಲ್ಲದೆ ಗುರುವಾದ ಗಿರೀಂದ್ರಶೇಖರ ಬೋಸ್

ಇಳಕಲ್ಲಿನ ನಮ್ಮ ಓಣಿಯಲ್ಲಿ ಗಂಡ-ಹೆಂಡಿರ ಜಗಳವು ಮಗ್ಗದ ಸಪ್ಪಳವನ್ನೂ ಮೀರಿದಾಗ ಹಿರಿಯರು ಕಟ್ಟೆಯ ಮೇಲೆ ಕೂಡಿ ನ್ಯಾಯ ಹೇಳುವರು. ನನ್ನ ಕಾಕಾ-ಚಿಗವ್ವರ ನ್ಯಾಯವು ಮೂರು ಸಲ ಆಯಿತು. ಮೂರು ಸಲವೂ ಚಿಗವ್ವ ಹುನಗುಂದದ ತವರಿನಿಂದ ತಿರುಗಿ ಬಂದಳು, ಮತ್ತೆ ಹೋದಳು. ತಪ್ಪು ಯಾರದೆಂದು ಎಲ್ಲರೂ ಕೇಳಿದರು; ಇಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಯಾರೂ ಕೇಳಲಿಲ್ಲ. ಹಾಗೆ ಕೇಳುವ ವಿದ್ಯೆಯೊಂದುಂಟೆ, ಅದನ್ನು ಕಲಿಸುವವರುಂಟೆ ಎಂದು ನಮ್ಮ ಗ್ರಂಥಾಲಯದಲ್ಲಿ ಹುಡುಕುವಾಗ ನನಗೆ ಬೋಸರ ಪರಿಚಯವಾಯಿತು.

ಬೋಸರು ಜನಿಸಿದ್ದು 1887ರಲ್ಲಿ. ತಂದೆ ದರಭಂಗಾ ಸಂಸ್ಥಾನದ ದಿವಾನರು. 1910ರಲ್ಲಿ ಕಲಕತ್ತೆಯಲ್ಲಿ ವೈದ್ಯ ಪದವೀಧರರಾದರು. ಜಾದೂ, ಸಂಮೋಹನಗಳ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು. ವಿಯೆನ್ನಾದ ಫ್ರಾಯ್ಡ್ ಮಹಾಶಯರ ಮನೋವಿಶ್ಲೇಷಣೆಯನ್ನು ಕಲಿಸಬಲ್ಲವರು ಆಗ ಅವರ ಸುತ್ತಮುತ್ತ ಯಾರೂ ಇರಲಿಲ್ಲ. ಓದಿ, ರೋಗಿಗಳ ಬಳಿ ಕುಳಿತು ಕೇಳಿ, ಅವರು ತಾವೇ ಕಲಿತರು. 1921ರಲ್ಲಿ ಡಾಕ್ಟರೇಟ್ ಪಡೆದು, ಆ ಪ್ರಬಂಧವನ್ನು ಫ್ರಾಯ್ಡರಿಗೆ ಕಳುಹಿಸಿದರು. ಅಂದು ತೊಡಗಿದ ಪತ್ರವ್ಯವಹಾರ 1937ರ ವರೆಗೆ ನಡೆಯಿತು. ಭೆಟ್ಟಿ ಮಾತ್ರ ಆಗಲೇ ಇಲ್ಲ.

1922ರಲ್ಲಿ ಪಾರ್ಸಿಬಾಗಾನ್ ಗಲ್ಲಿಯ ತಮ್ಮ ಮನೆಯಲ್ಲಿ ಅವರು ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಚಿಕಿತ್ಸೆ ಮಾಡಬಯಸುವವನು ಮೊದಲು ತಾನೇ ಮತ್ತೊಬ್ಬ ಪರಿಣತನ ಮುಂದೆ ಮನಸ್ಸು ಬಿಚ್ಚಿಡಬೇಕೆಂಬುದು ಈ ವಿದ್ಯೆಯ ನಿಯಮ. ಹಾಗಾದರೆ ಬೋಸರ ಮನಸ್ಸನ್ನು ಪರೀಕ್ಷಿಸಿದವರು ಯಾರು? ಯಾರೂ ಇಲ್ಲ! ಕೆಲವರು ಇದನ್ನು ಕೊರತೆಯೆಂದು ಎಣಿಸಿಯಾರು. ಮನೆತನದಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಹಾಗೆನ್ನಲು ಬಾಯಿ ಬಾರದು.

ಪ್ರತಿಯೊಂದು ಇಚ್ಛೆಯ ಬೆನ್ನಿಗೂ ಅದರ ವಿರುದ್ಧ ಇಚ್ಛೆಯೊಂದು ಅಡಗಿರುತ್ತದೆ ಎಂಬುದು ಬೋಸರ ಸಿದ್ಧಾಂತ. ಪ್ರೀತಿಸುವ ಬಯಕೆಯ ಹಿಂದೆ ಪ್ರೀತಿಸಲ್ಪಡುವ ಬಯಕೆಯಿದೆ. ಆದ್ದರಿಂದ ಅವರು ರೋಗಿಗೆ ಎದುರಿನವರ ಸ್ಥಾನದಲ್ಲಿ ತನ್ನನ್ನು ಕಲ್ಪಿಸಿಕೊಳ್ಳಲು ಹೇಳುತ್ತಿದ್ದರು. ಫ್ರಾಯ್ಡರು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಪೆಟ್ಟು ತಿನ್ನುವ ಹೆಂಡತಿಗೆ ಈ ಸಿದ್ಧಾಂತವನ್ನು ಹಚ್ಚಲು ನಾನೂ ಒಪ್ಪಲಾರೆ. ಆದರೆ ಬರಿಯ ಮಾತಿನ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಕೀಲಿಕೈ ನನಗೆ ಕಂಡಿಲ್ಲ. ಬೋಸರು ದಂಪತಿಗಳಿಗೆಂದೇ ಪ್ರತ್ಯೇಕ ಚಿಕಿತ್ಸೆಯನ್ನು ಕಟ್ಟಲಿಲ್ಲ. ಆ ಕೆಲಸ 1948ರಲ್ಲಿ ಲಂಡನ್ನಿನಲ್ಲಿ ಈನಿಡ್ ಬ್ಯಾಲಿಂಟ್ ಎಂಬ ಮಹಿಳೆಯ ನೇತೃತ್ವದಲ್ಲಿ ತೊಡಗಿತು. ಅಲ್ಲಿ ವೈದ್ಯರಲ್ಲದ ಸಮಾಜ ಸೇವಕಿಯರೂ ತರಬೇತಿ ಹೊಂದಿದರು.

1940ರಲ್ಲಿ ಬೋಸರ ಸಂಘವು ಲುಂಬಿನಿ ಪಾರ್ಕ್ ಎಂಬ ಮಾನಸಿಕ ಆಸ್ಪತ್ರೆಯನ್ನು ತೆರೆಯಿತು. ಅದಕ್ಕೆ ಸ್ಥಳವನ್ನಿತ್ತವರು ಅವರ ಅಣ್ಣ, ಹಾಸ್ಯಲೇಖಕ ರಾಜಶೇಖರ ಬೋಸರು. 1953ರಲ್ಲಿ ಗಿರೀಂದ್ರಶೇಖರರು ತೀರಿಕೊಂಡರು. ಮರುವರ್ಷ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಈಗಿನ ನಿಮ್ಹಾನ್ಸ್ ಅದರ ಮುಂದುವರಿಕೆಯೇ. ಪದವಿ ಮುಗಿದ ಮೇಲೆ ಅಲ್ಲಿಗೆ ಹೋಗಬೇಕೆಂಬ ಆಸೆಯನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಕಳೆದ ದೀಪಾವಳಿಗೆ ಚಿಗವ್ವ ಮತ್ತೆ ಹುನಗುಂದದಲ್ಲಿದ್ದಳು. ಆ ಜಗಳವನ್ನು ಆಕೆಯೇ ಹೇಳಿದಂತೆ ನೀವು ಹೇಳಿ ನೋಡಿರೆಂದು ಕಾಕಾನನ್ನು ಕೇಳಿದೆ. ಆತ ಬಹಳ ಹೊತ್ತು ಸುಮ್ಮನೆ ಕುಳಿತ. ಕಲಿಯದ ವಿದ್ಯೆಯೆಂದು ನಾನೂ ಮುಂದೆ ಕೇಳಲಿಲ್ಲ. ಮರುದಿನ ಮಗ್ಗ ನಿಲ್ಲಿಸಿ, ಹಿರಿಯರನ್ನು ಕರೆಯದೆ, ಒಬ್ಬನೇ ಹುನಗುಂದದ ಬಸ್ಸು ಹತ್ತಿದ.