ಗುಬ್ಬಿಯ ಹೆಸರು ಕೇಳಲು ಹೋದ ಬಾಲಕ: ಪಕ್ಷಿತಜ್ಞ ಡಾ. ಸಲೀಂ ಅಲಿ

ಬೆಳಗಾವಿಯಿಂದ ಲೋಂಡಾಕ್ಕೆ ರೈಲಿನಲ್ಲಿ ಬರುವವರಿಗೆ ಖಾನಾಪುರ ದಾಟಿದ ಮೇಲೆ ಹೊಲಗಳು ಹಿಂದೆ ಸರಿದು ಕಾಡು ಹತ್ತಿರವಾಗುವುದು ಗೊತ್ತು. ಕಾಡಿನ ಜೊತೆಗೆ ಹಕ್ಕಿಗಳೂ ಬದಲಾಗುತ್ತವೆ. ಊರೊಳಗೆ ಬೂದುಬಣ್ಣದ ಕತ್ತಿನ ಊರುಕಾಗೆ, ಕಾಡಿನ ಕಡೆಗೆ ಮೈಯೆಲ್ಲ ಕಪ್ಪಾದ ಕಾಡುಕಾಗೆ. ಇದನ್ನು ನಾವೆಲ್ಲ ದಿನವೂ ನೋಡುತ್ತೇವೆ. ಆದರೆ ನೋಡಿದ್ದನ್ನು ಸರಿಯಾಗಿ ಗುರುತಿಸಿ ಬರೆದಿಡುವುದೂ ಒಂದು ದೊಡ್ಡ ವಿದ್ಯೆ ಎಂದು ನಮ್ಮ ದೇಶಕ್ಕೆ ತೋರಿಸಿಕೊಟ್ಟವರು ಡಾ. ಸಲೀಂ ಅಲಿ. ಶಾಲೆಯಲ್ಲಿ ಅವರು ಮೊದಲ ಬೆಂಚಿನ ವಿದ್ಯಾರ್ಥಿಯಾಗಿರಲಿಲ್ಲ. ಅದಕ್ಕಾಗಿಯೇ ಅವರ ಜೀವನವನ್ನು ನಮ್ಮ ಮಕ್ಕಳು ತಿಳಿಯಬೇಕು.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಅವರನ್ನು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಸಾಕಿದರು. ಮಾವ ಕೊಡಿಸಿದ ಆಟದ ಏರ್‌ಗನ್ನಿನಿಂದ ಬಾಲಕ ಒಂದು ದಿನ ಗುಬ್ಬಿಯೊಂದನ್ನು ಹೊಡೆದ. ಕೈಗೆತ್ತಿಕೊಂಡು ನೋಡಿದರೆ ಅದರ ಗಂಟಲಿನಲ್ಲಿ ಹಳದಿ ಮಚ್ಚೆ! ಮನೆಯ ಗುಬ್ಬಿಗೆ ಅಂಥ ಮಚ್ಚೆ ಇರುವುದಿಲ್ಲ. ಮಾವನಿಗೂ ಅದು ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಅವರು ಪರಿಚಯ ಪತ್ರ ಕೊಟ್ಟು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು.

ಅಲ್ಲಿನ ಗೌರವ ಕಾರ್ಯದರ್ಶಿ ಮಿಲಾರ್ಡ್ ಸಾಹೇಬರು ಚಿಕ್ಕ ಹುಡುಗನೆಂದು ಅಲಕ್ಷಿಸಲಿಲ್ಲ. ಹಕ್ಕಿಗಳ ಸಂಗ್ರಹವಿದ್ದ ಡ್ರಾಯರುಗಳನ್ನು ತೆರೆದು, ಅದು ಹಳದಿ ಕತ್ತಿನ ಗುಬ್ಬಿಯೆಂದು ತೋರಿಸಿಕೊಟ್ಟರು. ನೋಟಕ್ಕೆ ಮನೆಗುಬ್ಬಿಯಂತಿದ್ದರೂ ಅದರ ವಾಸ ಮರಗಳ ನಡುವೆ, ಗೂಡು ಮರದ ಪೊಟರೆಯಲ್ಲಿ. ಓದಲು ಪುಸ್ತಕ ಕೊಟ್ಟರು, ಹಕ್ಕಿಗಳನ್ನು ಕೆಡದಂತೆ ಕಾಪಿಡುವುದನ್ನು ಕಲಿಸುವ ವ್ಯವಸ್ಥೆ ಮಾಡಿದರು. ಗೊತ್ತಿಲ್ಲದ್ದನ್ನು ಸಂಕೋಚವಿಲ್ಲದೆ ಕೇಳಿದ ಒಬ್ಬ ಹುಡುಗ, ತಾಳ್ಮೆಯಿಂದ ಉತ್ತರಿಸಿದ ಒಬ್ಬ ಹಿರಿಯ: ಒಂದು ಜೀವನದ ದಾರಿ ಅಲ್ಲಿಯೇ ತೆರೆಯಿತು.

ಮುಂದಿನ ದಾರಿ ಸುಲಭವಾಗಿರಲಿಲ್ಲ. ತಲೆನೋವಿನ ಕಾಟದಿಂದ ಓದು ಆಗಾಗ ನಿಂತಿತು. 1913ರಲ್ಲಿ ಮೆಟ್ರಿಕ್ ಪರೀಕ್ಷೆಯನ್ನು ಹೇಗೋ ದಾಟಿದರು. ಕಾಲೇಜು ಬಿಟ್ಟು ಮನೆತನದ ವ್ಯಾಪಾರಕ್ಕಾಗಿ ಬರ್ಮಾಕ್ಕೆ ಹೋದರು. ಆದರೆ ಮನಸ್ಸೆಲ್ಲ ಅಲ್ಲಿನ ಕಾಡಿನ ಹಕ್ಕಿಗಳ ಮೇಲೆ. 1918ರಲ್ಲಿ ತೆಹ್ಮಿನಾ ಅವರೊಂದಿಗೆ ಮದುವೆಯಾಯಿತು. ಪದವಿ ಇಲ್ಲವೆಂಬ ಕಾರಣಕ್ಕೆ ಬಯಸಿದ ಸರ್ಕಾರಿ ಹುದ್ದೆ ಸಿಗಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಸಂದರ್ಶಕರಿಗೆ ವಿವರಣೆ ನೀಡುವ ಕೆಲಸ ದೊರೆಯಿತು. ರಜೆ ಪಡೆದು ಬರ್ಲಿನ್‌ಗೆ ತೆರಳಿ, ಪ್ರೊ. ಸ್ಟ್ರೆಸೆಮಾನ್ ಅವರ ಬಳಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದರೆ, ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಕೆಲಸ ಕಳೆದುಕೊಂಡ ದಂಪತಿ ಕಿಹಿಮ್ ಎಂಬ ಕಡಲತೀರದ ಹಳ್ಳಿಯಲ್ಲಿ ನೆಲೆಸಿದರು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ಹೆಣೆಯುತ್ತಿದ್ದವು. ಸಲೀಂ ಅಲಿ ದಿನಗಟ್ಟಲೆ ಕುಳಿತು ಅವನ್ನೇ ನೋಡಿದರು. ಗಂಡು ಅರ್ಧ ಗೂಡು ಕಟ್ಟುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗೂಡು ಪೂರ್ತಿಯಾಗುತ್ತದೆ. ಆಮೇಲೆ ಗಂಡು ಇನ್ನೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಈ ಸಂಗತಿಯನ್ನು ಬರೆದು ಪ್ರಕಟಿಸಿದಾಗ ಪಕ್ಷಿಶಾಸ್ತ್ರಜ್ಞರ ವಲಯದಲ್ಲಿ ಅವರಿಗೆ ಹೆಸರು ಬಂತು. ಅದಕ್ಕೆ ಬೇಕಾದದ್ದು ದೊಡ್ಡ ಉಪಕರಣಗಳಲ್ಲ. ಎರಡು ಕಣ್ಣು, ಒಂದು ನೋಟುಪುಸ್ತಕ ಮತ್ತು ತಾಳ್ಮೆ.

ನಂತರ ಅವರು ದೇಶೀ ಸಂಸ್ಥಾನಗಳಿಗೆ ಪತ್ರ ಬರೆದರು: ಖರ್ಚು ನಿಮ್ಮದು, ದುಡಿಮೆ ನನ್ನದು. ಹೀಗೆ ಹೈದರಾಬಾದು, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ನಡೆಯಿತು. ಕಾಡಿನ ಬಿಡಾರಗಳಲ್ಲಿ ಪತ್ನಿ ಜೊತೆಗಿದ್ದು ನೆರವಾದರು. 1939ರಲ್ಲಿ ತೆಹ್ಮಿನಾ ತೀರಿಕೊಂಡರು. ಆ ದುಃಖವನ್ನು ನುಂಗಿಕೊಂಡೇ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಕಾವೇರಿ ನಡುವಿನ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದರ ಹಿಂದೆ ಅವರ ಒತ್ತಾಸೆಯಿತ್ತು.

1941ರಲ್ಲಿ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಹೊರಬಂತು. ಹಕ್ಕಿಯ ಗಾತ್ರವನ್ನು ಗುಬ್ಬಿ, ಮೈನಾ, ಕಾಗೆಗಳಿಗೆ ಹೋಲಿಸಿ ಹೇಳುವುದು, ನಂತರ ಬಣ್ಣ, ವಾಸಸ್ಥಳ, ನಡವಳಿಕೆ, ಗೂಡು ತಿಳಿಸುವುದು ಅವರ ಕ್ರಮ. ನಮ್ಮ ಅಂಗಳದ ಪಿಕಳಾರಗಳನ್ನೇ ಹೀಗೆ ನೋಡಬಹುದು. ಚೂಪಾದ ನೆಟ್ಟನೆ ಜುಟ್ಟು, ಕೆನ್ನೆಯ ಮೇಲೆ ಕೆಂಪು ಮಚ್ಚೆ ಇದ್ದರೆ ಕೆಮ್ಮೀಸೆ ಪಿಕಳಾರ. ತಲೆ ಕಪ್ಪಾಗಿ ಬಾಲದ ಬುಡದಲ್ಲಿ ಮಾತ್ರ ಕೆಂಪಿದ್ದರೆ ಇನ್ನೊಂದು ಜಾತಿ. ಮಂಗಟ್ಟೆಯನ್ನು ಅದರ ದೊಡ್ಡ ಕೊಕ್ಕಿನಿಂದ ಯಾರಾದರೂ ಗುರುತಿಸಬಹುದು. ಆದರೆ ಹೆಣ್ಣು ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ, ಗಂಡು ಹಣ್ಣು ತಂದು ಉಣಿಸುತ್ತದೆ ಎಂದು ತಿಳಿದವನಿಗೇ ಪೊಟರೆಯುಳ್ಳ ಹಳೆಯ ಮರ ಕಡಿದರೆ ಆಗುವ ನಷ್ಟ ಅರ್ಥವಾಗುವುದು.

ಸಲೀಂ ಅಲಿಯವರ ಜೀವನವೂ ಇದೇ ದಿಕ್ಕಿನಲ್ಲಿ ಸಾಗಿತು. ಅಧ್ಯಯನಕ್ಕೆಂದು ಹಕ್ಕಿಗಳನ್ನು ಹೊಡೆದು ಸಂಗ್ರಹಿಸುತ್ತಿದ್ದ ಕಾಲದಲ್ಲಿ ಬೆಳೆದ ಅವರು ಭರತಪುರದ ಕೆರೆಗಳ ಉಳಿವಿಗಾಗಿ, ಕೇರಳದ ಸೈಲೆಂಟ್ ವ್ಯಾಲಿಯ ಕಾಡಿಗಾಗಿ ದನಿಯೆತ್ತಿದರು. ಅಮೆರಿಕದ ರಿಪ್ಲೆಯವರ ಜೊತೆಗೂಡಿ 10 ಸಂಪುಟಗಳ ಪಕ್ಷಿ ಕೈಪಿಡಿಯನ್ನು 1968ರಿಂದ 1974ರವರೆಗೆ ಹೊರತಂದರು. 1976ರಲ್ಲಿ ಪದ್ಮವಿಭೂಷಣ ಬಂತು. ಪಾಲ್ ಗೆಟ್ಟಿ ಪ್ರಶಸ್ತಿಯ ಹಣವನ್ನು ನಿಸರ್ಗ ಸಂರಕ್ಷಣೆಯ ನಿಧಿಗೆ ಕೊಟ್ಟರು. ಪದವಿಯಿಲ್ಲವೆಂದು ಕೆಲಸ ಸಿಗದಿದ್ದ ವ್ಯಕ್ತಿಗೆ ವಿಶ್ವವಿದ್ಯಾಲಯಗಳೇ ಗೌರವ ಡಾಕ್ಟರೇಟ್ ನೀಡಿದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು, 90ನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ನಿಧನರಾದರು.

ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವೆಗೆ ಇಳಿದು ಮಾಂಡೋವಿ ಎನಿಸಿಕೊಳ್ಳುತ್ತದೆ. ಆ ನದಿಯ ಚೊರಾವ್ ದ್ವೀಪದಲ್ಲಿರುವ ಪಕ್ಷಿಧಾಮಕ್ಕೆ ಇಂದು ಸಲೀಂ ಅಲಿಯವರದೇ ಹೆಸರು. ಹೊಳೆಯ ಕೆಳದಡದಲ್ಲಿ ಅವರ ಹೆಸರಿದೆ; ಮೇಲ್ದಡದಲ್ಲಿ ನಾವಿದ್ದೇವೆ. ಶಾಲೆಯ ಸುವರ್ಣ ಮಹೋತ್ಸವದ ಈ ವರ್ಷ ಪ್ರತಿ ವಿದ್ಯಾರ್ಥಿ ಮನೆಯ ಸುತ್ತಲಿನ 10 ಹಕ್ಕಿಗಳನ್ನಾದರೂ ಗುರುತಿಸಿ, ಎಲ್ಲಿ ಕಂಡಿತು, ಏನು ಮಾಡುತ್ತಿತ್ತು ಎಂದು ಬರೆದಿಡಲಿ. ಮಕ್ಕಳು ಕೈಯಲ್ಲಿ ಗರಿಯೊಂದನ್ನು ಹಿಡಿದು ಇದು ಯಾವ ಹಕ್ಕಿಯದೆಂದು ಕೇಳಲು ಬಂದರೆ, ಗುರುಗಳೂ ಹಿರಿಯರೂ ಮಿಲಾರ್ಡ್ ಸಾಹೇಬರಂತೆ ಬಿಡುವು ಮಾಡಿಕೊಳ್ಳಲಿ.