ಹುಂಜದ ಜುಟ್ಟು ಕೆಂಪಾಗೋದು ಯಾಕೆ?

ಚನ್ನರಾಯಪಟ್ಟಣ ಕಡೆ ಬೂಕನಬೆಟ್ಟದ ದನಗಳ ಜಾತ್ರೇಲಿ ಯಾರನ್ನ ಕೇಳಿದ್ರೂ ಹೇಳ್ತಾರೆ: ಬೀಜ ಒಡೆಸಿದ ಹೋರಿ ಹಾಯೋದು ಬಿಟ್ಟು ನೊಗಕ್ಕೆ ಬಗ್ಗುತ್ತೆ. ಇದರ ಕಾರಣವನ್ನ ಪ್ರಯೋಗ ಮಾಡಿ ಹುಡುಕಿದವನು ಜರ್ಮನಿಯ ಅರ್ನಾಲ್ಡ್ ಬರ್ತೋಲ್ಡ್.

ಹುಟ್ಟಿದ್ದು 1803ರಲ್ಲಿ. ಗಾಟಿಂಗೆನ್‌ನಲ್ಲಿ ಡಾಕ್ಟರು, ಪ್ರೊಫೆಸರು. ನಮ್ಮ ಲ್ಯಾಬಿನ ಬರ್ನರ್‌ಗೆ ಹೆಸರು ಕೊಟ್ಟ ಬನ್ಸೆನ್ ಜೊತೆ ಸೇರಿ ಆರ್ಸೆನಿಕ್ ವಿಷಕ್ಕೆ ಮದ್ದು ಕಂಡುಹಿಡಿದವನೂ ಇವನೇ.

1848ರಲ್ಲಿ ಆರು ಹುಂಜದ ಮರಿಗಳನ್ನು ತಗೊಂಡ. ಎರಡರ ವೃಷಣ ಪೂರ್ತಿ ತೆಗೆದ. ಅವಕ್ಕೆ ಜುಟ್ಟು ಬೆಳೆಯಲಿಲ್ಲ, ಸಪ್ಪಗೆ ಉಳಿದವು. ಮಿಕ್ಕ ನಾಲ್ಕಕ್ಕೆ ಒಂದೊಂದು ವೃಷಣವನ್ನು ಬಿಡಿಸಿ ಹೊಟ್ಟೆಯೊಳಗೇ ಬಿಟ್ಟ. ಅದರಲ್ಲೂ ಎರಡು ಹುಂಜಕ್ಕೆ ಒಂದರದ್ದು ಇನ್ನೊಂದಕ್ಕೆ! ನಾಲ್ಕೂ ಕೂಗಿದವು, ಕಾದಾಡಿದವು, ಹೇಂಟೆಗಳ ಹಿಂದೆ ಓಡಿದವು. ಕೊಯ್ದು ನೋಡಿದರೆ ನರದ ಸಂಪರ್ಕ ಇಲ್ಲ, ಹೊಸ ರಕ್ತನಾಳ ಮಾತ್ರ. ವೈರ್ ಕಟ್ಟಾದ್ರೂ ಸಿಗ್ನಲ್ ತಲುಪ್ತಿದೆ ಅಂದ್ರೆ ರಕ್ತವೇ ಒಯ್ಯುತ್ತಿರಬೇಕು. ನಾಲ್ಕೇ ಪುಟದಲ್ಲಿ ಬರೆದ. ಹೆಚ್ಚಿನವರು ಗಮನಿಸಲಿಲ್ಲ. 1861ರಲ್ಲಿ ತೀರಿಹೋದ.

ಆ ವಸ್ತು ಶುದ್ಧವಾಗಿ ಸಿಕ್ಕಿದ್ದು 1935ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ: 100 ಕಿಲೋ ಹೋರಿ ವೃಷಣಕ್ಕೆ ಬರೀ 10 ಮಿಲಿಗ್ರಾಂ. ಅದೇ ಟೆಸ್ಟೋಸ್ಟೆರಾನ್. ಗಡ್ಡ, ಗಡಸು ದನಿ, ಸ್ನಾಯು, ಮೂಳೆ, ಕೆಂಪು ರಕ್ತಕಣ ಎಲ್ಲದರಲ್ಲೂ ಅದರ ಕೆಲಸವಿದೆ. ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತೆ. ಜಿಮ್ ಹುಡುಗರು ಗಮನಿಸಿ, ಇದು ಫೀಡ್‌ಬ್ಯಾಕ್ ಲೂಪ್. ಹೊರಗಿಂದ ಚುಚ್ಚಿಸ್ಕೊಂಡ್ರೆ ಮಿದುಳು ಸಾಕು ಅಂದ್ಕೊಂಡು ಆರ್ಡರ್ ನಿಲ್ಲಿಸುತ್ತೆ. ವೃಷಣ ಕುಗ್ಗುತ್ತೆ, ವೀರ್ಯಾಣು ಕಮ್ಮಿಯಾಗುತ್ತೆ.