ಡಾರ್ವಿನ್ ಮೇಷ್ಟ್ರ ತರಕಾರಿ ಪ್ರದರ್ಶನ

ಚಾರ್ಲ್ಸ್ ಡಾರ್ವಿನ್ ಹೆಸರು ಹೈಸ್ಕೂಲಿನಲ್ಲೇ ನಮ್ಮ ಕಿವಿಗೆ ಬಿದ್ದಿರುತ್ತದೆ. ಅವರಿಗೆ ಪಾಠ ಹೇಳಿದ ಜಾನ್ ಸ್ಟೀವನ್ಸ್ ಹೆನ್ಸ್ಲೋ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. 1796ರಲ್ಲಿ ಹುಟ್ಟಿದ ಹೆನ್ಸ್ಲೋ ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1831ರಲ್ಲಿ ಬೀಗಲ್ ಹಡಗಿನ ಪ್ರಯಾಣಕ್ಕೆ 22ರ ಹುಡುಗ ಡಾರ್ವಿನ್ ಹೆಸರನ್ನು ಸೂಚಿಸಿದ್ದು ಅವರೇ. ಇಂದಿನ ನಮ್ಮ ಭಾಷೆಯಲ್ಲಿ ಹೇಳುವುದಾದರೆ ರೆಫರಲ್!

ಆದರೆ ನನಗೆ ಅವರು ಇಷ್ಟವಾಗಿದ್ದು ಬೇರೆ ಕಾರಣಕ್ಕೆ. 1837ರಲ್ಲಿ ಅವರಿಗೆ ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಹಿಚಮ್ ಎಂಬ ಹಳ್ಳಿಯ ಚರ್ಚ್‌ನ ಪಾದ್ರಿ ಹುದ್ದೆ ಸಿಕ್ಕಿತು. ಎರಡು ವರ್ಷದ ಬಳಿಕ ಅಲ್ಲೇ ಮನೆ ಮಾಡಿದರು. ಊರಿನ ಹೆಚ್ಚಿನವರು ಅವರಿವರ ಹೊಲದಲ್ಲಿ ಕೂಲಿ ಮಾಡುವ ಬಡವರು. ಹೆನ್ಸ್ಲೋ ಶಾಲೆ ತೆರೆದರು, ಕೂಲಿಕಾರರ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸಿದರು. ಜೊತೆಗೆ ಕೂಲಿಕಾರರಿಗೂ ಕುಶಲಕರ್ಮಿಗಳಿಗೂ ಸೇರಿದ ಒಂದು ತೋಟಗಾರಿಕೆ ಸಂಘ ಕಟ್ಟಿದರು.

ಅದರ ಪ್ರದರ್ಶನ ನಡೆಯುತ್ತಿದ್ದುದು ಅವರದೇ ಮನೆಯಂಗಳದ ಹುಲ್ಲುಹಾಸಿನ ಮೇಲೆ. ಜನ ತಾವು ಬೆಳೆದ ತರಕಾರಿ, ಹಣ್ಣು, ಹೂವು ತಂದು ಜೋಡಿಸುತ್ತಿದ್ದರು. ಮಕ್ಕಳ ಕಾಡುಹೂವಿಗೂ ಬಹುಮಾನವಿತ್ತು. ಪಕ್ಕದ ಡೇರೆಯೊಳಗೆ ಪುಟ್ಟ ವಸ್ತುಸಂಗ್ರಹಾಲಯ. ಅಲ್ಲಿ ಇಟ್ಟ ವಸ್ತುಗಳನ್ನು ತೋರಿಸುತ್ತ ಹೆನ್ಸ್ಲೋ ಚಿಕ್ಕ ಚಿಕ್ಕ ಉಪನ್ಯಾಸ ಕೊಡುತ್ತಿದ್ದರು. ಕೇಂಬ್ರಿಜ್ ಪ್ರೊಫೆಸರ್ ಪಾಠ, ಅದೂ ಕೈಯಲ್ಲಿ ಆಲೂಗಡ್ಡೆ ಹಿಡಿದು ಬಂದವರಿಗೆ!

ದೊಡ್ಡ ರೈತರಿಗೂ ಅವರು ಸುಮ್ಮನೆ ಉಪದೇಶ ಮಾಡಲಿಲ್ಲ. 1843ರಲ್ಲಿ ಪತ್ರಗಳನ್ನು ಪ್ರಕಟಿಸಿ, ಗೊಬ್ಬರದ ಬಗ್ಗೆ ಒಂದೇ ಪ್ರಯೋಗವನ್ನು ಹಲವರು ತಂತಮ್ಮ ಹೊಲದಲ್ಲಿ ಮಾಡಿ ಫಲಿತಾಂಶ ಹಂಚಿಕೊಳ್ಳಿ ಎಂದು ಕೇಳಿದರು. ಲ್ಯಾಬ್ ರೆಕಾರ್ಡ್ ಬರೆಯುವ ನಮಗೆ ಇದು ಸಾಮಾನ್ಯ ಎನಿಸಬಹುದು. ಆ ಕಾಲದ ಹಳ್ಳಿಗೆ ಅದು ಹೊಸತು.

ಜಗಳ ಹುಟ್ಟಿದ್ದು ಭೂಮಿಯ ವಿಷಯಕ್ಕೆ. ಕೂಲಿಯವರು ಸ್ವಂತಕ್ಕೆ ಬೆಳೆದುಕೊಳ್ಳಲೆಂದು ಹೆನ್ಸ್ಲೋ ಗುಂಟೆ ಲೆಕ್ಕದ ತುಂಡು ಜಮೀನುಗಳನ್ನು ಬಾಡಿಗೆಗೆ ಕೊಡಿಸಿದರು. ಆಳುಗಳ ಶಕ್ತಿಯೆಲ್ಲ ಅವರ ತುಂಡಿನಲ್ಲೇ ಖರ್ಚಾದರೆ ನಮ್ಮ ಹೊಲದ ಗತಿಯೇನು ಎಂಬ ಚಿಂತೆ ಹೊಲದ ಧಣಿಗಳಿಗೆ. ಅಂಥ ಜಮೀನು ಇಟ್ಟುಕೊಂಡವರಿಗೆ ಕೆಲಸವನ್ನೇ ಕೊಡಬಾರದು ಎಂದು ಅವರು ಒಂದಾದರು. ಕೂಲಿ ನಿಂತರೆ ಒಲೆ ಉರಿಯದ ಮನೆಗಳಿಗೆ ಇದು ಸಣ್ಣ ಬೆದರಿಕೆಯಲ್ಲ. ಆ ಧಣಿಗಳೇ ಚರ್ಚ್‌ನ ಪ್ರಮುಖರು, ಪಾದ್ರಿಗೆ ಸಲ್ಲಬೇಕಾದ ಪಾಲು ಕೊಡುವವರು. ಅವರನ್ನು ಎದುರು ಹಾಕಿಕೊಳ್ಳುವುದು ಹೆನ್ಸ್ಲೋಗೂ ಸುಲಭವಿರಲಿಲ್ಲ. ಆದರೂ ಒಂದು ತುಂಡನ್ನೂ ಹಿಂದಕ್ಕೆ ಪಡೆಯದೆ ಗಟ್ಟಿಯಾಗಿ ನಿಂತರು. ವಿರೋಧವೇ ಕ್ರಮೇಣ ತಣ್ಣಗಾಯಿತು.

1861ರ ಮೇ 16ರಂದು ಹೆನ್ಸ್ಲೋ ಹಿಚಮ್‌ನಲ್ಲೇ ತೀರಿಕೊಂಡರು. ಸಮಾಧಿಯೂ ಅದೇ ಊರಲ್ಲಿದೆ.